ಕಾರಿಗೆ ಆಂಪ್ಲಿಫೈಯರ್ ಹಾಕಿಸಿದ್ದೀರಾ? ಇವತ್ತೇ ಬಾನೆಟ್ ತೆಗೆದು ಈ ಫ್ಯೂಸ್ ಇದೆಯಾ ನೋಡಿ

ಹೋದ ತಿಂಗಳು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿದ್ದೆವು. ಭರಮಸಾಗರ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಅಷ್ಟೇ. "ಏನೋ ಸುಟ್ಟ ವಾಸ್ನೆ ಬರ್ತೈತಲ್ಲಪ್ಪಾ" ಅಂತ ಹಿಂದಿನ ಸೀಟಿನಿಂದ ಅವ್ವ ಎರಡು ಸಲ ಹೇಳಿದಳು. ಮುಂದೆ ಹೋಗುತ್ತಿದ್ದ ಲಾರಿಯದ್ದು ಅಂದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಡತಿ ಥಟ್ಟನೆ ಕಾಲು ಮೇಲೆತ್ತಿಕೊಂಡಳು. ಅವಳ ಕಾಲಡಿಯ ಮ್ಯಾಟ್ ಸುಡುತ್ತಿತ್ತು. ಅಂಚಿನಿಂದ ಹೊಗೆ ಬರುತ್ತಿತ್ತು.

ಗಾಡಿ ಪಕ್ಕಕ್ಕೆ ಹಾಕಿ ಎಲ್ಲರನ್ನೂ ಇಳಿಸಿದೆ. ಕೀ ಆಫ್ ಮಾಡಿ ಕಿತ್ತುಕೊಂಡೆ. ಹೊಗೆ ನಿಲ್ಲಲಿಲ್ಲ. ಇನ್ನೂ ಜಾಸ್ತಿ ಆಯ್ತು. ಕೀ ಕೈಯಲ್ಲಿದೆ, ಕಾರು ಒಳಗೆ ಸುಡುತ್ತಲೇ ಇದೆ. ಏನು ಮಾಡಬೇಕು ಅಂತಲೇ ತೋಚಲಿಲ್ಲ. ಹಿಂದೆ ನಿಂತ ಲಾರಿಯ ಡ್ರೈವರ್ ಒಬ್ಬರು 10-11 ಪಾನಾ ಹಿಡಿದು ಓಡಿ ಬಂದರು. "ಬಾನೆಟ್ ಎತ್ರಿ ಅಣ್ಣಾ, ಬ್ಯಾಟರಿ ಬಿಚ್ಚಬೇಕು ಮೊದ್ಲು" ಅಂದವರೇ ಮೈನಸ್ ಟರ್ಮಿನಲ್ ಬಿಚ್ಚಿ ಎಳೆದರು. ಆಗ ನಿಂತಿತು. ಅವರು ಬರದಿದ್ದರೆ ಕಾರು ಉಳಿಯುತ್ತಿರಲಿಲ್ಲ. ಹೆಸರು ಕೂಡ ಕೇಳಲಾಗಲಿಲ್ಲ, ಅದೊಂದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಇದಕ್ಕೆ ಎರಡು ತಿಂಗಳ ಮುಂಚೆ ನಮ್ಮೂರಿನ ಒಂದು ಅಂಗಡಿಯಲ್ಲಿ ಆಂಪ್ಲಿಫೈಯರ್, 12 ಇಂಚಿನ ಸಬ್‌ವೂಫರ್ ಹಾಕಿಸಿದ್ದೆ. ಒಂದೂವರೆ ಗಂಟೆಯಲ್ಲಿ ಮುಗಿಸಿಕೊಟ್ಟರು. ಸೌಂಡ್ ಚೆನ್ನಾಗಿತ್ತು, ಖುಷಿಯಿಂದ ದುಡ್ಡು ಕೊಟ್ಟು ಬಂದೆ.

ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಕರೆಂಟ್ ಬರುವುದು ಸ್ಟೀರಿಯೋದಿಂದ ಅಲ್ಲ. ಬ್ಯಾಟರಿಯ ಪ್ಲಸ್‌ನಿಂದ ದಪ್ಪ ವೈರ್ ನೇರ ಡಿಕ್ಕಿಗೆ ಹೋಗುತ್ತದೆ. ನಡುವೆ ಕೀ ಇಲ್ಲ, ಸ್ವಿಚ್ ಇಲ್ಲ. ಅದಕ್ಕೇ ಕೀ ಕಿತ್ತರೂ ಹೊಗೆ ನಿಲ್ಲಲಿಲ್ಲ. ಈ ವೈರಿಗೆ ಬ್ಯಾಟರಿ ಪಕ್ಕದಲ್ಲೇ, ಹೆಚ್ಚೆಂದರೆ ಒಂದೂವರೆ ಅಡಿ ಒಳಗೆ, ಒಂದು ಫ್ಯೂಸ್ ಇರಬೇಕು. ನನ್ನ ಕಾರಿನಲ್ಲಿ ಇರಲೇ ಇಲ್ಲ. ಆಮೇಲೆ ಅಂಗಡಿಗೆ ಹೋಗಿ ಕೇಳಿದರೆ "ಆಂಪ್‌ನಲ್ಲೇ ಫ್ಯೂಸ್ ಐತಲ್ಲ ಸಾರ್" ಅಂದರು. ದಯವಿಟ್ಟು ಈ ಮಾತು ನಂಬಬೇಡಿ. ಆ ಫ್ಯೂಸ್ ಕಾಯುವುದು ಆಂಪ್ ಅನ್ನು. ವೈರ್ ದಾರಿಯಲ್ಲೇ ಕಾರಿನ ತಗಡಿಗೆ ತಾಗಿದರೆ ಕರೆಂಟ್ ಅಲ್ಲಿಂದಲೇ ವಾಪಸ್ ಬ್ಯಾಟರಿಗೆ ಹರಿಯುತ್ತದೆ, ಡಿಕ್ಕಿಯಲ್ಲಿರುವ ಆಂಪ್‌ನ ಫ್ಯೂಸ್‌ವರೆಗೆ ಹೋಗುವುದೇ ಇಲ್ಲ. ಕಾರಿನ ಬ್ಯಾಟರಿ ಹಾಗೆ ಶಾರ್ಟ್ ಆದಾಗ ನೂರಾರು ಆಂಪಿಯರ್ ಕೊಡುತ್ತದೆ. ವೈರ್ ಹೀಟರ್ ಕಾಯಿಲ್ ಥರ ಕಾಯುತ್ತದೆ.

ನನ್ನ ಕಾರಿನಲ್ಲಿ ತಾಗಿದ್ದು ಎಡಗಡೆ ಸೀಟಿನ ಕಂಬಿಯ ಅಡಿಯಲ್ಲಿ. ಸೀಟು ಹಿಂದೆ ಮುಂದೆ ಸರಿಸಿದಾಗಲೆಲ್ಲ ಅದರ ಚೂಪು ಅಂಚು ವೈರ್ ಕೊಯ್ದಿದೆ. ಎಲೆಕ್ಟ್ರಿಷಿಯನ್ ಕಾರ್ಪೆಟ್ ಎತ್ತಿದಾಗ ಕೆಂಪು ಪ್ಲಾಸ್ಟಿಕ್ ಕರಗಿ ಬೆಲ್ಲದ ಪಾಕದಂತೆ ತಗಡಿಗೆ ಅಂಟಿತ್ತು. ಎಂಜಿನ್ ಕಡೆಯಿಂದ ವೈರ್ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಕೂಡ ಹಾಕಿರಲಿಲ್ಲ. ಅಲ್ಲೂ ಅರ್ಧ ಸವೆದಿತ್ತು. ಉಳಿದ ವೈರ್ ತುಂಡನ್ನು ಅವರು ಬ್ಲೇಡಿನಲ್ಲಿ ಕೆರೆದು ತೋರಿಸಿದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ! ಅದೇ ದಪ್ಪದ ತಾಮ್ರದಷ್ಟು ಕರೆಂಟನ್ನು ಅದು ತಡೆದುಕೊಳ್ಳುವುದಿಲ್ಲ. ತಾಮ್ರದ ವೈರ್ ಅಂತಲೇ ದುಡ್ಡು ತೆಗೆದುಕೊಂಡಿದ್ದರು.

ಸೂಚನೆ ಮೊದಲೇ ಸಿಕ್ಕಿತ್ತು. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಂಯ್ ಅಂತ ಸದ್ದು ಏರುತ್ತಿತ್ತು. "ಎಲ್ಲಾ ಗಾಡೀಲೂ ಹಂಗೇ" ಅಂದಿದ್ದರು. ಹಾಗೇನಿಲ್ಲ. ಅರ್ತ್ ವೈರನ್ನು ಪೇಂಟ್ ಕೆರೆಯದೆ ಬೋಲ್ಟಿಗೆ ಸುತ್ತಿದ್ದರು, ಸ್ಟೀರಿಯೋದಿಂದ ಆಂಪ್‌ಗೆ ಸೌಂಡ್ ಒಯ್ಯುವ ಆರ್‌ಸಿಎ ಕೇಬಲ್ ಅನ್ನು ಪವರ್ ವೈರ್ ಜೊತೆ ಒಂದೇ ಕಡೆ ಎಳೆದಿದ್ದರು. ಒಂದು ಬೆಳಿಗ್ಗೆ ಬ್ಯಾಟರಿ ಪೂರ್ತಿ ಇಳಿದಿತ್ತು. ಸ್ಟೀರಿಯೋ ಆನ್ ಆದಾಗ ಮಾತ್ರ ಆಂಪ್ ಆನ್ ಮಾಡುವ, ಸ್ಟೀರಿಯೋದಿಂದ ಬರುವ ನೀಲಿ-ಬಿಳಿ ರಿಮೋಟ್ ವೈರ್ ಬಿಟ್ಟು ಆಂಪ್‌ನ ರಿಮೋಟ್ ಟರ್ಮಿನಲ್ಲಿಗೆ ನೇರ ಪ್ಲಸ್ ಕೊಟ್ಟಿದ್ದರಿಂದ ಆಂಪ್ ರಾತ್ರಿಯಿಡೀ ಆನ್ ಇತ್ತು. ಕೆಲಸ ಹೇಗೆ ನಡೆದಿದೆ ಅಂತ ನಾನು ಅವತ್ತೇ ಬಿಚ್ಚಿಸಿ ನೋಡಬೇಕಿತ್ತು.

ಹಾಕಿಸುವವರು ಅಂಗಡಿಯಲ್ಲಿ ಪಕ್ಕದಲ್ಲೇ ನಿಂತಿರಿ. ವೈರ್ ಯಾವ ದಾರಿಯಲ್ಲಿ ಹೋಗುತ್ತಿದೆ ನೋಡಿ. ಫ್ಯೂಸ್ ಎಷ್ಟು ಆಂಪಿಯರ್ ಅಂತ ಕೇಳಿ. ಅದು ವೈರ್ ತಡೆದುಕೊಳ್ಳುವಷ್ಟಕ್ಕಿಂತ ಜಾಸ್ತಿ ಇರಬಾರದು. ಡಬ್ಬದ ಮೇಲಿನ 1500 ವ್ಯಾಟ್ ನೋಡಿ ಲೆಕ್ಕ ಹಾಕಬೇಡಿ, ಆರ್‌ಎಂಎಸ್ ವ್ಯಾಟ್ (ಆಂಪ್ ನಿರಂತರವಾಗಿ ಕೊಡುವ ಪವರ್) ನೋಡಿ. ಆರ್‌ಎಂಎಸ್ 400 ವ್ಯಾಟ್‌ನ ಕ್ಲಾಸ್ ಡಿ ಅನ್ನುವ ಬಗೆಯ ಆಂಪ್ ಫುಲ್ ಸೌಂಡಿನಲ್ಲಿ 35-40 ಆಂಪಿಯರ್ ಎಳೆಯುತ್ತದೆ. ಈಗಾಗಲೇ ಹಾಕಿಸಿದ್ದರೆ ಬ್ಯಾಟರಿ ಪ್ಲಸ್‌ನಿಂದ ಹೊರಟ ವೈರ್ ಹಿಡಿದು ಕಣ್ಣು ಹಾಯಿಸಿ, ಎರಡು ನಿಮಿಷದ ಕೆಲಸ. ಫ್ಯೂಸ್ ಕಾಣದಿದ್ದರೆ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್‌ನಿಂದ ಆ ವೈರ್ ತೆಗೆಯಿರಿ. ಪ್ಲಸ್ ಮೊದಲು ಬಿಚ್ಚಲು ಹೋದರೆ ಪಾನಾ ಕಾರಿನ ತಗಡಿಗೆ ತಾಗಿ ಕಿಡಿ ಹಾರಬಹುದು.

ಮೊನ್ನೆ ಭಾನುವಾರ ಹರಿಹರದಲ್ಲಿ ಭಾವನ ಕಾರಿನ ಬಾನೆಟ್ ಎತ್ತಿಸಿದೆ. ಬೇರೆ ಅಂಗಡಿ, ಬೇರೆ ಗಾಡಿ. ಅಲ್ಲೂ ಫ್ಯೂಸ್ ಇರಲಿಲ್ಲ. ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿಟ್ಟು ಬಂದೆ.