ಹೈವೇ ಗಾಳಿಯ ಸದ್ದಿಗೆ ಯಾವ ಇಯರ್‌ಪ್ಲಗ್? ಪುಣೆ–ಬೆಳಗಾವಿ ಸವಾರರಿಗೆ ಒಂದು ಹೋಲಿಕೆ

ಪುಣೆಯಿಂದ ಬೆಳಗಾವಿಗೆ ಬೈಕಿನಲ್ಲಿ ಹೊರಟರೆ, ಕಾತ್ರಜ್ ಸುರಂಗ ದಾಟಿದ ಮೇಲೆ ಕಿವಿ ಕೆಡಿಸುವುದು ಸೈಲೆನ್ಸರ್ ಅಲ್ಲ, ಗಾಳಿ. ಗಂಟೆಗೆ 60–65 ಕಿ.ಮೀ. ದಾಟುತ್ತಲೇ ಹೆಲ್ಮೆಟ್ಟಿನ ಕೆಳಅಂಚಿನಲ್ಲಿ, ಗದ್ದದ ಸಂದಿಯಲ್ಲಿ ಸುಳಿಯುವ ಗಾಳಿಯ ಸದ್ದು ಎಂಜಿನ್ನನ್ನು ಮೀರಿಸುತ್ತದೆ. ನೂರರ ವೇಗದಲ್ಲಿ ಫುಲ್‌ಫೇಸ್ ಹೆಲ್ಮೆಟ್ಟಿನ ಒಳಗೇ ಸುಮಾರು 95ರಿಂದ 105 ಡೆಸಿಬಲ್ ಇರುತ್ತದೆ. ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. 3 ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತದೆ. ನೂರು ಡೆಸಿಬಲ್ಲಿಗೆ ಸಿಗುವುದು ಬರೀ 15 ನಿಮಿಷ. ಸಾತಾರಾ ಇನ್ನೂ ದೂರ ಇರುವಾಗಲೇ ಆ ದಿನದ ಪಾಲು ಮುಗಿದಿರುತ್ತದೆ.

ಹತ್ತಿ ತುರುಕುವುದು ದಂಡ. ಸಂದುಗಳಿಂದ ಸದ್ದು ನುಗ್ಗುತ್ತದೆ, ಎಳೆ ಒಳಗೇ ಉಳಿಯುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್‌ಗಳೂ ಈ ಕೆಲಸಕ್ಕೆ ಬರುವುದಿಲ್ಲ. ಅವುಗಳ ಮೈಕಿಗೆ ಗಾಳಿ ಬಡಿದರೆ ಲೆಕ್ಕ ತಪ್ಪುತ್ತದೆ. ಮೇಲಾಗಿ ಹಾಡಿನ ಸದ್ದು ಏರಿಸುತ್ತ ಹೋಗುವ ಚಾಳಿ ಬೇರೆ.

ನಿಜವಾದ ಪೈಪೋಟಿ ಇರುವುದು ಫೋಮ್, ಸಿಲಿಕೋನ್, ಫಿಲ್ಟರ್ ಮತ್ತು ಅಚ್ಚಿನ ಪ್ಲಗ್‌ಗಳ ನಡುವೆ. ಹೈವೇಗಾದರೆ ನಮ್ಮ ಮತ ಕಣ್ಣುಮುಚ್ಚಿ ಫೋಮಿಗೆ, ಅದೂ ಸರಿಯಾಗಿ ಹಾಕಿಕೊಂಡರೆ. 3ಎಂ 1100ರಂಥ ಪ್ಲಗ್ಗಿನ ಡಬ್ಬಿಯ ಮೇಲೆ ಎನ್‌ಆರ್‌ಆರ್ 29 ಎಂದಿರುತ್ತದೆ; ಎಷ್ಟು ಡೆಸಿಬಲ್ ತಡೆಯುತ್ತದೆ ಎಂಬುದಕ್ಕೆ ಇದು ಅಮೆರಿಕದ ಅಳತೆ. ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳುವವರು ಅದರಲ್ಲಿ 7 ಕಳೆದು, ಉಳಿದದ್ದನ್ನು ಅರ್ಧ ಮಾಡುತ್ತಾರೆ. ಅಲ್ಲಿಗೆ ಕೈಗೆ ಸಿಗುವುದು 11. ಅರ್ಧ ಮಾಡುವುದೇಕೆಂದರೆ ಹೆಚ್ಚಿನವರು ಅದನ್ನು ಕಿವಿಯ ಬಾಗಿಲಲ್ಲೇ ನಿಲ್ಲಿಸಿಬಿಡುತ್ತಾರೆ. ಕೈ ತೊಳೆದು (ಚೈನ್ ಲ್ಯೂಬ್ ಹತ್ತಿದ ಬೆರಳಿನಲ್ಲಂತೂ ಬೇಡ), ಪ್ಲಗ್ಗನ್ನು ಸುಕ್ಕಿಲ್ಲದಂತೆ ಊದುಬತ್ತಿಯಷ್ಟು ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ನಾಳ ನೆಟ್ಟಗಾಗುತ್ತದೆ. ತಕ್ಷಣ ಒಳಗೆ ತಳ್ಳಿ, ಉಬ್ಬುವ ತನಕ 30 ಸೆಕೆಂಡ್ ಬೆರಳಿನಿಂದ ಒತ್ತಿ ಹಿಡಿಯಬೇಕು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಸದ್ದು ಗಣನೀಯವಾಗಿ ಇಳಿದರೆ ಪ್ಲಗ್ ಕೂತಿಲ್ಲ, ತೆಗೆದು ಮತ್ತೆ ಹಾಕಿ. ನಿಮ್ಮ ದನಿ ಡಬ್ಬದೊಳಗಿಂದ ಬಂದಂತೆ ಕೇಳುವುದು ಸಹಜ.

ಒಂದು ಜೊತೆ ಫೋಮ್ ಪ್ಲಗ್ಗಿಗೆ ಹತ್ತಿಪ್ಪತ್ತು ರೂಪಾಯಿ. ಪುಣೆಯಲ್ಲಿ ಭೋಸರಿ ಕಡೆಯ, ಮುಂಬೈಯಲ್ಲಿ ನಾಗದೇವಿ ಸ್ಟ್ರೀಟಿನ ಇಂಡಸ್ಟ್ರಿಯಲ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ತೊಳೆದು ತೊಳೆದು ಬಳಸಿದರೆ ನಿಧಾನವಾಗಿ ಉಬ್ಬುವ ಗುಣವೇ ಹೋಗುತ್ತದೆ, ಒಳಗೆ ತಳ್ಳುವ ಮೊದಲೇ ಅರಳಿಬಿಡುತ್ತದೆ. ಕಿತ್ತೆಳೆಯದೆ ತಿರುಗಿಸುತ್ತ ತೆಗೆಯಿರಿ. ಇಲ್ಲವಾದರೆ ಒಳಗಿನ ಗಾಳಿ ಕಿವಿತಮಟೆಯನ್ನೇ ಎಳೆಯುತ್ತದೆ.

ಮೂರು ಅಂಚಿನ ಸಿಲಿಕೋನ್ ಪ್ಲಗ್ ತೊಳೆಯಬಹುದು, ಬಾಳಿಕೆ ಬರುತ್ತದೆ. ಆದರೆ ಅದರ ಕಡ್ಡಿ ಹೊರಗೆ ಚಾಚಿರುತ್ತದೆ. ಹೆಲ್ಮೆಟ್ಟಿನ ಕೆನ್ನೆ ಪ್ಯಾಡ್ ಅದಕ್ಕೆ ತಾಗಿ, ತಲೆ ತಿರುಗಿಸಿದಾಗಲೆಲ್ಲ ಚುಚ್ಚುತ್ತದೆ, ಮುಚ್ಚಿಗೆಯೂ ಸಡಿಲಾಗುತ್ತದೆ. ಕಾರ್ಖಾನೆಗೆ ಸರಿ, ಹೆಲ್ಮೆಟ್ಟಿಗೆ ಅಲ್ಲ.

ಬೈಕಿನವರಿಗೆಂದೇ ಮಾರುವ, ಸದ್ದನ್ನು ಪೂರ್ತಿ ಮುಚ್ಚದೆ ಸೋಸಿ ಬಿಡುವ ಫಿಲ್ಟರ್ ಪ್ಲಗ್ ಮೃದು, ಗಿಡ್ಡ, ಹಾಕಿಕೊಳ್ಳುವುದೂ ಸುಲಭ. ಹಿಂದೆ ಕೂತವರ ಮಾತು, ಇಂಟರ್‌ಕಾಮ್ ಸ್ಪಷ್ಟವಾಗಿ ಕೇಳುತ್ತದೆ. ಪುಣೆಯೊಳಗಿನ ಸ್ವಾರ್‌ಗೇಟ್, ಹಡಪ್ಸರ್ ಟ್ರಾಫಿಕ್ಕಿಗೆ ಇದೇ ಹಿತ. ಆದರೆ ಹೈವೇಯಲ್ಲಿ ಗಾಳಿಯ ಸದ್ದಿನ ಬಲವೆಲ್ಲ ಕೆಳಸ್ವರದ ಗುಡುಗಿನಲ್ಲಿ. ಫಿಲ್ಟರ್ ಕಮ್ಮಿ ತಡೆಯುವುದೂ ಅದನ್ನೇ. ಕೊಳ್ಳುವಾಗ ಇನ್ನೊಂದು ಮೋಸ: ಇವುಗಳ ಮೇಲೆ ಎಸ್‌ಎನ್‌ಆರ್ ಅಂಕಿ ಇರುತ್ತದೆ, ಅದು ಯುರೋಪಿನ ಅಳತೆ. ಮೇಲೆ ಹೇಳಿದ 29ರ ಫೋಮ್ ಪ್ಲಗ್ಗಿಗೇ ಎಸ್‌ಎನ್‌ಆರ್ 37. ಎರಡನ್ನೂ ಪಕ್ಕದಲ್ಲಿಟ್ಟು ತೂಗಬೇಡಿ.

ಕಿವಿಯ ಅಚ್ಚು ತೆಗೆದು ಮಾಡಿಸುವುದು ದುಬಾರಿ. ದಿನವಿಡೀ ಓಡಿಸುವವರಿಗೆ ಮಾತ್ರ ಅದು ಲಾಭ. ಹಿಯರಿಂಗ್ ಏಡ್ ಕ್ಲಿನಿಕ್ಕಿನಲ್ಲಿ ಈಜುವವರಿಗೆ ಮಾಡುವ ಮೆತ್ತನೆಯ ಸಿಲಿಕೋನ್ ಅಚ್ಚು ಕೇಳಿ. ಹೊರಭಾಗ ಕಿವಿಯ ಮಟ್ಟಕ್ಕೇ ಇರಲಿ, ಹಿಡಿಕೆ ಬೇಡ ಎಂದು ಮೊದಲೇ ಹೇಳಬೇಕು. ಅಚ್ಚಿಗೆ ಕೂತಾಗ ದವಡೆ ಕದಲಿದರೆ ಅಳತೆ ಕೆಟ್ಟು, ಆಮೇಲೆ ಸದ್ದು ಸೋರುತ್ತದೆ.

ಹಾರ್ನ್ ಕೇಳುವುದಿಲ್ಲ ಎಂಬ ಭಯ ಎಲ್ಲರಿಗೂ. ಪ್ಲಗ್ ಗಾಳಿಯನ್ನೂ ಹಾರ್ನನ್ನೂ ಒಟ್ಟಿಗೇ ಇಳಿಸುತ್ತದೆ. ಆದರೆ ಕಿವಿ ತುಂಬುತ್ತಿದ್ದ ಗಾಳಿಯ ಗುಡುಗು ತಗ್ಗಿದಾಗ ಅದರಡಿ ಮುಚ್ಚಿಹೋಗಿದ್ದ ಹಾರ್ನ್ ಎದ್ದು ಕೇಳಬಹುದು. ಊರೊಳಗಿನ ನಿಧಾನದ ಓಟಕ್ಕೆ ಈ ಮಾತು ಅನ್ವಯಿಸದು, ಅಲ್ಲಿ ಫೋಮ್ ತೆಗೆದಿಡಿ.

ಪ್ಲಗ್ ಹಾಕಿಯೂ ತಲೆ ಗಡಗಡ ಎನ್ನುತ್ತಿದ್ದರೆ ವಿಂಡ್‌ಶೀಲ್ಡ್ ನೋಡಿ. ನೇರ, ಖಾಲಿ ರಸ್ತೆಯಲ್ಲಿ ಫುಟ್‌ಪೆಗ್ ಮೇಲೆ ಒಂದಿಷ್ಟು ಎದ್ದಾಗ ಬಡಿತ ನಿಂತು ಬರೀ ಸುಂಯ್ ಎಂದರೆ, ಶೀಲ್ಡಿನ ತುದಿಯಿಂದ ಸುಳಿದ ಗಾಳಿ ಹೆಲ್ಮೆಟ್ಟಿಗೆ ಬಡಿಯುತ್ತಿದೆ ಎಂದರ್ಥ. ಎತ್ತರ ಬದಲಿಸಿ, ಇಲ್ಲವೇ ಬಿಚ್ಚಿಯೇ ನೋಡಿ. ಗದ್ದದ ಸಂದಿಗೆ ಬಿಗಿಯಾದ ನೆಕ್ ಬಫ್ ಸಾಕು. ಸಡಿಲ ಮಫ್ಲರ್ ಪಟಪಟಿಸಿ ಸದ್ದು ಹೆಚ್ಚಿಸುತ್ತದೆ.

ಮಳೆಗಾಲದಲ್ಲಿ ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋಗುವವರು ಒದ್ದೆ ಕಿವಿಗೆ ಪ್ಲಗ್ ಹಾಕಬೇಡಿ. ಆ ತೇವಕ್ಕೆ ಒಳಗೆ ಬೂಷ್ಟು ಹಿಡಿಯುತ್ತದೆ. ಕೆರೆತ, ನೋವು ಅಥವಾ ಸೋರಿಕೆ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸುವ ತನಕ ಯಾವ ಪ್ಲಗ್ಗೂ ಬೇಡ, ವೇಗವನ್ನೇ 60ರೊಳಗೆ ಇಡಿ.