ಪ್ಲಾಟಿನಂ ಮೇಲೆ ಒಂದು ಅಣು: ಜಿಪಾ ಮತ್ತು ಎಸ್ಪ್ರೆಸೊ ಎರಡರಲ್ಲೂ ಮಾಡಿ ನೋಡಿದೆ

ಮೇಲ್ಮೈ ರಸಾಯನವನ್ನು ಕಂಪ್ಯೂಟರಿನಲ್ಲಿ ಕಲಿಯಲು ಹೊರಟವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಹಿಡಿಯಬೇಕು ಅಂತ. ಹೆಸರಾದ ವಾಸ್ಪ್ ಪ್ರೋಗ್ರಾಮಿಗೆ ದುಡ್ಡು ಕೊಟ್ಟು ಲೈಸೆನ್ಸ್ ಪಡೆಯಬೇಕು. ನಿಮ್ಮ ಲ್ಯಾಬಿನಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಆ ಮಾತು ಬಿಡಿ. ಉಚಿತವಾಗಿ ಸಿಗುವುದರಲ್ಲಿ ಡೆನ್ಮಾರ್ಕಿನ ಜಿಪಾ, ಇಟಲಿಯಲ್ಲಿ ಹುಟ್ಟಿದ ಕ್ವಾಂಟಂ ಎಸ್ಪ್ರೆಸೊ ಎರಡನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಓಡಿಸಿದೆ. ಎರಡಕ್ಕೂ ಕೊಟ್ಟ ಲೆಕ್ಕ ಒಂದೇ: ಪ್ಲಾಟಿನಂನ (111) ಮೇಲ್ಮೈಗೆ, ಅಂದರೆ ಪರಮಾಣುಗಳು ಒತ್ತೊತ್ತಾಗಿ ಕೂತ ಮುಖಕ್ಕೆ, ಕಾರ್ಬನ್ ಮಾನಾಕ್ಸೈಡ್ ಎಲ್ಲಿ ಅಂಟುತ್ತದೆ? ಒಂದು ಪರಮಾಣುವಿನ ನೆತ್ತಿಯ ಮೇಲೋ, ಮೂರರ ನಡುವಿನ ಗುಳಿಯಲ್ಲೋ? ಫ್ಯೂಯಲ್ ಸೆಲ್‌ನ ಪ್ಲಾಟಿನಂ ಕೆಡುವುದಕ್ಕೆ ಈ ಅಣು ಅಂಟಿ ಕೂರುವುದೂ ಒಂದು ಕಾರಣ.

ಜಿಪಾ ಪೈಥಾನ್‌ನಲ್ಲಿ ನಡೆಯುತ್ತದೆ. ಜೊತೆಗಿರುವ ಎಎಸ್‌ಇ ಲೈಬ್ರರಿಯಲ್ಲಿ ಒಂದು ಸಾಲು ಬರೆದರೆ ನಾಲ್ಕು ಪದರದ, 16 ಪರಮಾಣುಗಳ ಸ್ಲ್ಯಾಬ್, ಅಂದರೆ ಲೋಹದ ತೆಳು ಹಲಗೆ, ಸಿದ್ಧ. ಇನ್ನೊಂದು ಸಾಲಿಗೆ ಅಣು ಬಂದು ನೆತ್ತಿಯ ಮೇಲೆ ಕೂರುತ್ತದೆ. ಮೌಸ್ ಹಿಡಿದು ತಿರುಗಿಸಿ ನೋಡಿದರೆ ಗುಳಿ ಎಂದರೇನು ಎಂಬುದು ಕಣ್ಣಿಗೇ ಕಾಣುತ್ತದೆ. ಪುಸ್ತಕದ ಚಿತ್ರದಲ್ಲಿ ನನಗೆ ಅದು ಎಂದೂ ಅಷ್ಟು ಚೆನ್ನಾಗಿ ತಿಳಿದಿರಲಿಲ್ಲ.

ಎಸ್ಪ್ರೆಸೊದ ಇನ್‌ಪುಟ್ ಫೈಲಿನಲ್ಲಿ 18 ಪರಮಾಣುಗಳ ಸ್ಥಾನವನ್ನೂ ಬರೆಯಬೇಕು. ಕೆಳಗಿನ ಎರಡು ಪದರ ಅಲುಗಾಡಬಾರದೆಂದರೆ ಆ ಎಂಟು ಸಾಲುಗಳ ಕೊನೆಗೂ ಮೂರು ಮೂರು ಸೊನ್ನೆ. ಅಳತೆಯ ಮಾನವೂ ಬೇರೆ. ಜಿಪಾದಲ್ಲಿ ಕಟ್ಆಫ್ (ಲೆಕ್ಕ ಎಷ್ಟು ಸೂಕ್ಷ್ಮವಾಗಿರಬೇಕೆಂಬ ಮಿತಿ, ಹೆಚ್ಚಿದಷ್ಟೂ ನಿಧಾನ) 400 ಎಲೆಕ್ಟ್ರಾನ್ ವೋಲ್ಟ್ ಇಟ್ಟಿದ್ದೆ, ಅದೇ ಅಂಕಿಯನ್ನು ಇಲ್ಲೂ ಹಾಕಿದೆ. ಎಸ್ಪ್ರೆಸೊ ಎಣಿಸುವುದು ರಿಡ್‌ಬರ್ಗ್‌ನಲ್ಲಿ, 400 ಎಲೆಕ್ಟ್ರಾನ್ ವೋಲ್ಟ್ ಎಂದರೆ ಬರೀ 29 ರಿಡ್‌ಬರ್ಗ್. ನಾನು ಕೊಟ್ಟಿದ್ದು ಅದರ ಹದಿಮೂರು ಪಟ್ಟಿಗೂ ಹೆಚ್ಚು. ಬೆಳಗಾದರೂ ಮೊದಲ ಸುತ್ತೇ ಮುಗಿದಿರಲಿಲ್ಲ.

ಆದರೂ ಕಲಿಸಿದ್ದು ಎಸ್ಪ್ರೆಸೊ. ಸ್ಲ್ಯಾಬಿನ ಉದ್ದ ಅಗಲವನ್ನು ಕೈಯಾರೆ ಬರೆಯುವಾಗ, ಪ್ಲಾಟಿನಂನ ಜಾಲಕ ಅಳತೆ (ಪರಮಾಣುಗಳ ಜೋಡಣೆ ಮರುಕಳಿಸುವ ದೂರ) ಎಷ್ಟು ಎಂದು ನಿಂತು ಯೋಚಿಸಬೇಕಾಯಿತು. ಪ್ರಯೋಗದಲ್ಲಿ ಸಿಗುವುದು 3.92 ಆಂಗ್‌ಸ್ಟ್ರಾಮ್. ನಾನು ಎರಡರಲ್ಲೂ ಬಳಸಿದ ಪಿಬಿಇ, ಅಂದರೆ ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಅಂದಾಜಿಸುವ ಸೂತ್ರದ, ಲೆಕ್ಕದಲ್ಲಿ ಸುಮಾರು 3.97. ನಾವು ಏನೂ ಹೇಳದಿದ್ದರೆ ಎಎಸ್‌ಇ 3.92 ಅನ್ನೇ ತೆಗೆದುಕೊಳ್ಳುತ್ತದೆ. ಎಂದರೆ ಜಿಪಾದಲ್ಲಿ ನಾನು ಅಷ್ಟು ದಿನ ಓಡಿಸಿದ್ದು ಬದಿಗಳಿಂದ ಒತ್ತಿಟ್ಟ ಪ್ಲಾಟಿನಂ, ಅದರ ಮೇಲೆ ಅಣು ಸಡಿಲವಾಗಿ ಅಂಟುತ್ತದೆ. ಎಲ್ಲವನ್ನೂ ಮತ್ತೆ ಮಾಡಿದೆ.

ಸರಿಪಡಿಸಿದ ಮೇಲೆ ಎರಡೂ ಒಂದೇ ಉತ್ತರ ಕೊಟ್ಟವು: ಗುಳಿ. ಆ ಖುಷಿಯಲ್ಲಿ ಇರುವಾಗಲೇ ಓದಿದೆ, ಅಣುಗಳು ವಿರಳವಾಗಿದ್ದಾಗ ಪ್ರಯೋಗ ಹೇಳುವುದು ನೆತ್ತಿ ಎಂದು. 2001ರಿಂದ ಈ ಕ್ಷೇತ್ರದವರು ಇದನ್ನು ಒಗಟು ಎಂದೇ ಕರೆಯುತ್ತಾರೆ. ತಪ್ಪು ಸಾಫ್ಟ್‌ವೇರಿನದಲ್ಲ, ಪಿಬಿಇಯದು. ಅದು ಅಣುವಿನ ಖಾಲಿ ಆರ್ಬಿಟಲ್ ಅನ್ನು (ಎಲೆಕ್ಟ್ರಾನ್ ಕೂರಬಹುದಾದ ಜಾಗವನ್ನು) ಇರಬೇಕಾದ್ದಕ್ಕಿಂತ ಕಡಿಮೆ ಶಕ್ತಿಯಲ್ಲಿ ಇಡುತ್ತದೆ, ಹಾಗಾಗಿ ಲೋಹದ ಎಲೆಕ್ಟ್ರಾನ್ ಅದಕ್ಕೆ ಹೆಚ್ಚು ಹರಿದು ಗುಳಿಯ ಬಂಧ ಬಲವಾಗುತ್ತದೆ. ಆರ್‌ಪಿಎ ಎಂಬ ಇನ್ನೂ ಭಾರಿ ಲೆಕ್ಕದ ವಿಧಾನ ನೆತ್ತಿಯನ್ನೇ ತೋರಿಸುತ್ತದೆ, ಆದರೆ ಅದು ಲ್ಯಾಪ್‌ಟಾಪಿನ ಕೆಲಸವಲ್ಲ.

ನನ್ನ ಮಾತು ಕೇಳಿದರೆ ಮೊದಲ ತಿಂಗಳು ಜಿಪಾ ಹಿಡಿಯಿರಿ, ಕಣ್ಣಿಗೆ ಮೇಲ್ಮೈ ಪಳಗಲಿ. ಎರಡನೇ ತಿಂಗಳು ಅದೇ ಲೆಕ್ಕವನ್ನು ಎಸ್ಪ್ರೆಸೊದಲ್ಲಿ ಮಾಡಿ. ಈಗ ನಾನು ಎಸ್ಪ್ರೆಸೊದ ಇನ್‌ಪುಟ್ ಫೈಲನ್ನೂ ಎಎಸ್‌ಇಯಿಂದಲೇ ಬರೆಸುತ್ತೇನೆ, ಓಡಿಸುವ ಮುಂಚೆ ಅದರ ಪ್ರತಿ ಸಾಲನ್ನೂ ಓದುತ್ತೇನೆ.