ಬಿಸುವಿನ ಊಟದ ಮೇಜು: ಹೊಸ ಸೆಟ್ಟೋ, ಗುಜರಿಯ ಪಾತ್ರೆಯೋ?

ಕಾಸರಗೋಡಿನ ಕಡೆ ವಸಂತದ ದೊಡ್ಡ ಹಬ್ಬವೆಂದರೆ ಏಪ್ರಿಲ್ 14 ಅಥವಾ 15ರಂದು ಬರುವ ಬಿಸು, ಅಂದರೆ ಸೌರಮಾನ ಯುಗಾದಿ. ಬೆಂಗಳೂರಿನಲ್ಲಿರುವ ಮಕ್ಕಳು ರಜೆಗೆ ಮನೆ ಸೇರಿರುತ್ತಾರೆ, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲಾಗದ ಹಿರಿಯರೂ ಇರುತ್ತಾರೆ. ಹಾಗಾಗಿ ನಮ್ಮಲ್ಲಿ ಈಗ ಅನೇಕ ಮನೆಗಳಲ್ಲಿ ಹಬ್ಬದ ಊಟ ಮೇಜಿಗೆ ಏರಿದೆ. ಆ ಮೇಜನ್ನು ಅಂಗಡಿಯಿಂದ ತಂದ ಹೊಸ ಸೆಟ್ಟಿನಿಂದ ಅಣಿಗೊಳಿಸುವುದು ಲೇಸೋ, ಗುಜರಿ ಅಂಗಡಿಯಲ್ಲಿಯೂ ಹಳೆಮನೆಯ ಅಟ್ಟದಲ್ಲಿಯೂ ಸಿಗುವ ಪಾತ್ರೆಗಳಿಂದಲೋ ಎಂಬುದನ್ನು ಎರಡೂ ವಿಧಗಳಲ್ಲಿ ಬಡಿಸಿ, ಉಂಡು, ತೊಳೆದು ನೋಡಿದ್ದೇನೆ. ನೋಟಕ್ಕೆ ನಾನು ಎರಡನೆಯ ಸ್ಥಾನ ಕೊಟ್ಟಿದ್ದೇನೆ. ನಮ್ಮ ಅಡಿಗೆಯ ಹುಳಿ, ಬಿಸಿ ಮತ್ತು ಅರಸಿನವನ್ನು ಯಾವುದು ತಾಳಿಕೊಳ್ಳುತ್ತದೆ ಎಂಬುದೇ ಮೊದಲ ಪ್ರಶ್ನೆ.

ಹೊಸತರಲ್ಲಿ ಹೆಚ್ಚಿನವರು ಕೊಳ್ಳುವುದು ಹಾಲುಬಿಳುಪಿನ ಓಪಲ್ ಗಾಜಿನ ಸೆಟ್ಟು. ಹಗುರ, ನುಣುಪು, ಅರಸಿನದ ಕಲೆ ನಿಲ್ಲುವುದಿಲ್ಲ, ಮೈಕ್ರೊವೇವ್‌ಗೂ ಇಡಬಹುದು. ಆದರೆ ಸೆಟ್ಟಿನಲ್ಲಿ ಬರುವ 10–11 ಇಂಚಿನ ದೊಡ್ಡ ತಟ್ಟೆ ನಮ್ಮ ಊಟಕ್ಕೆ ಹೇಳಿ ಮಾಡಿಸಿದ್ದಲ್ಲ. ಅದು ಚಾಕು–ಮುಳ್ಳುಚಮಚದಿಂದ ಉಣ್ಣುವವರಿಗಾಗಿ ರೂಪುಗೊಂಡ ಚಪ್ಪಟೆ ತಟ್ಟೆ. ಅನ್ನಕ್ಕೆ ಸಾರು ಬಡಿಸಿದೊಡನೆ ಅದು ಹರಿದು ಗುಜ್ಜೆ ಪಲ್ಯವನ್ನು ತೋಯಿಸುತ್ತದೆ. ಕಲಸುವಾಗ ಬೆರಳಿಗೆ ಆನಿಸಲು ಅಂಚು ಸಿಗುವುದಿಲ್ಲ. ಅದೇ ಗಾಜಿನಲ್ಲಿ ಪಾಸ್ತಾ ತಟ್ಟೆಯೆಂದು ಮಾರುವ, ಬಾಯಿ ಅಗಲವಾಗಿ ತಳ ತುಸು ಆಳವಾಗಿರುವ ತಟ್ಟೆ ಈ ತೊಂದರೆಯನ್ನು ಪೂರ್ತಿ ನೀಗಿಸುತ್ತದೆ. ಇವನ್ನು ಬಿಡಿಯಾಗಿ ಕೊಳ್ಳಬಹುದಾದ್ದರಿಂದ ಸೆಟ್ಟಿನ ಹಂಗೂ ಬೇಕಿಲ್ಲ. ಅಂಚಿನಲ್ಲಿ ನೀಲಿ ಹೂವು ಅಚ್ಚಾದವನ್ನು ನಾನು ಬಿಟ್ಟುಬಿಡುತ್ತೇನೆ. ಹಬ್ಬದ ದಿನ ಮೇಜಿನ ಮೇಲೆ ನಿಜವಾದ ಹೂವೇ ಇರುತ್ತದೆ.

ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ಮಣ್ಣಿನ ಪಾತ್ರೆಯಾದ ಸ್ಟೋನ್‌ವೇರ್ ನೋಡಲು ಓಪಲ್‌ಗಿಂತ ಬಹಳ ಮೇಲು. ಬೂದು–ಹಸಿರು ಮೈಯ ಒಂದು ಬೋಗುಣಿಯಲ್ಲಿ ಸೌತೆಕಾಯಿ ಮೇಲಾರ ತುಂಬಿಟ್ಟರೆ ಕಣ್ಣು ಅಲ್ಲಿಂದ ಕೀಳುವುದೇ ಇಲ್ಲ, ಬಿಸಿಯೂ ಬಹಳ ಹೊತ್ತು ಉಳಿಯುತ್ತದೆ. ಬಳಸತೊಡಗಿದ ಮೇಲೆ ಕಾಣುವುದು ಬೇರೆ. ಹೊಳಪಿಲ್ಲದ ಮೆರುಗಿನ ಮೇಲೆ ಸ್ಟೀಲ್ ಸೌಟು ತಾಗಿದಲ್ಲೆಲ್ಲ ಪೆನ್ಸಿಲಿನಿಂದ ಎಳೆದಂತೆ ಬೂದು ಗೆರೆಗಳು ಮೂಡುತ್ತವೆ, ಅರಸಿನದ ಹಳದಿ ಮೊದಲ ತೊಳೆತಕ್ಕೆ ಬಿಡುವುದಿಲ್ಲ, ಮೆರುಗು ಹಚ್ಚದ ತಳದ ಬಳೆ ಮೇಜಿನ ವಾರ್ನಿಷನ್ನು ಗೀರುತ್ತದೆ. ಬಡಿಸುವ ಒಂದೆರಡು ಬೋಗುಣಿಗಳಿಗೆ, ಮರದ ಸೌಟಿನ ಜೊತೆ, ಸ್ಟೋನ್‌ವೇರ್ ಸಾಕು. ಉಣ್ಣುವ ತಟ್ಟೆಗೆ ಬೇಡ. ಬೋನ್ ಚೈನಾದ ಮಣ್ಣಿನಲ್ಲಿ ಪ್ರಾಣಿಯ ಮೂಳೆಯ ಬೂದಿ ಸೇರಿರುವುದರಿಂದ ಸಸ್ಯಾಹಾರಿ ಮನೆಗಳಲ್ಲಿ ಅದರ ಮಾತು ಅಲ್ಲಿಗೇ ಮುಗಿಯುತ್ತದೆ. ಮೆಲಮೈನ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಿಸಿ ಸಾಂಬಾರಿಗೆ ಯೋಗ್ಯವಲ್ಲ.

ಇನ್ನು ಗುಜರಿ. ಇಲ್ಲಿ ಕಂಚು ಮತ್ತು ಹಿತ್ತಾಳೆ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ, ಎರಡನ್ನೂ ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಆದರೆ ದರ ಒಂದೇ ಅಲ್ಲ. ಊಟದ ಕಂಚಿನಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಹಿತ್ತಾಳೆಯಲ್ಲಿ ತಾಮ್ರದ ಜೊತೆಗಿರುವುದು ಸತು. ತವರ ದುಬಾರಿಯಾದ್ದರಿಂದ ಕಂಚಿಗೆ ಬೆಲೆ ಹೆಚ್ಚು. ಮಣ್ಣು, ಮಸಿ ಹಿಡಿದ ಬಟ್ಟಲಿನ ಬಣ್ಣ ನೋಡಿ ತೀರ್ಮಾನಿಸುವುದು ಕಷ್ಟ, ಕಿವಿಯನ್ನೇ ನಂಬಬೇಕು. ಬಟ್ಟಲನ್ನು ಮೂರು ಬೆರಳ ತುದಿಯ ಮೇಲೆ ನಿಲ್ಲಿಸಿ ಗೆಣ್ಣಿನಿಂದ ಅಂಚಿಗೆ ಮೆಲ್ಲಗೆ ಬಡಿದರೆ ಕಂಚಿನ ನಾದ ಉದ್ದಕ್ಕೆ ಎಳೆಯುತ್ತದೆ, ಹಿತ್ತಾಳೆಯದ್ದು ಬೇಗ ಅಡಗುತ್ತದೆ, ಬಿರುಕು ಬಿಟ್ಟ ಕಂಚು ಒಡಕು ದನಿಯಲ್ಲಿ ಗೊರಗುಡುತ್ತದೆ. ಈ ಪರೀಕ್ಷೆ ಮಾಡತೊಡಗಿದ ಮೇಲೆ ಅಂಗಡಿಯವರೇ “ಅಕ್ಕ, ಅದು ಬೇಡ, ಇದನ್ನು ಬಡಿದು ನೋಡಿ” ಎಂದು ಒಳಗಿನಿಂದ ಒಳ್ಳೆಯದನ್ನು ತೆಗೆದುಕೊಡುತ್ತಾರೆ. ಹಿತ್ತಾಳೆ ಬಿದ್ದರೆ ನೆಗ್ಗುತ್ತದೆ. ಕಂಚು ಒಡೆಯುತ್ತದೆ ಎಂಬುದನ್ನೂ ಕೊಳ್ಳುವ ಮೊದಲು ತಿಳಿದಿರಬೇಕು.

ಅನ್ನ, ಪಲ್ಯ, ಕಡ್ಲೆಬೇಳೆ ಪಾಯಸಗಳಿಗೆ ಕಂಚಿನ ಬಟ್ಟಲಿನ ಮುಂದೆ ಯಾವ ಹೊಸ ಪಾತ್ರೆಯೂ ನಿಲ್ಲುವುದಿಲ್ಲ. ಹುಳಿಯ ಮಾತು ಬಂದಾಗ ಮಾತ್ರ ಸೋಲು. ಕಾಟುಮಾವಿನ ಹಣ್ಣಿನ ಗೊಜ್ಜನ್ನು ಪರೀಕ್ಷೆಗೆಂದೇ ಒಂದು ಬಟ್ಟಲಿನಲ್ಲಿ ಬೆಳಗಿನಿಂದ ಸಂಜೆಯ ತನಕ ಬಿಟ್ಟಿದ್ದೆ; ಗೊಜ್ಜಿನ ಮಟ್ಟ ಎಲ್ಲಿತ್ತೋ ಅಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಹಸಿರು ಗೆರೆ ಸುತ್ತಲೂ ಮೂಡಿತ್ತು, ಬಾಯಿಗೆ ಲೋಹದ ರುಚಿಯೂ ಬಂತು. ಪಿಎಚ್ 6ಕ್ಕಿಂತ ಕೆಳಗಿನ ಹುಳಿ ಪದಾರ್ಥಗಳು ತಾಮ್ರಕ್ಕಾಗಲಿ ಹಿತ್ತಾಳೆಯಂತಹ ತಾಮ್ರದ ಮಿಶ್ರಲೋಹಕ್ಕಾಗಲಿ ತಾಗಬಾರದೆಂದು ಅಮೆರಿಕದ ಆಹಾರ ಸಂಹಿತೆ ಹೇಳುವುದು ಈ ಕಿಲುಬಿನ ಕಾರಣಕ್ಕೇ. ಮಜ್ಜಿಗೆ, ಗೊಜ್ಜು, ಸಾರು, ಪುನರ್ಪುಳಿ (ಕೋಕಂ) ಎಲ್ಲವೂ ಆ ಪಿಎಚ್ ಮಿತಿಯ ಕೆಳಗಿನವು. ಹಿತ್ತಾಳೆಗೆ ಕಲಾಯಿ ಹಾಕಿಸಿದರೆ ತವರದ ತೆಳುಪದರ ರಕ್ಷಣೆ ಕೊಡುತ್ತದೆ, ಆದರೆ ಮನೆಬಾಗಿಲಿಗೆ ಬರುವ ಕಲಾಯಿಯವರು ಈಗ ಅಪರೂಪ.

ಕಂಚಿನ ಹರಿವಾಣವನ್ನು, ಅಂದರೆ ದೊಡ್ಡ ತಟ್ಟೆಯನ್ನು, ಮೇಜಿಗೆ ತರುವುದರಲ್ಲಿ ಇನ್ನೊಂದು ತೊಡಕಿದೆ. ಅದರ ಅಗಲವೂ ಎತ್ತರದ ಅಂಚೂ ನೆಲದ ಊಟಕ್ಕೆ ಹೊಂದಿಸಿದ್ದು. ಮೇಜಿನ ಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಇಟ್ಟರೆ ಲೋಟಕ್ಕೂ ಜಾಗ ಉಳಿಯುವುದಿಲ್ಲ. ನಡುವೆ ಒಂದೇ ಒಂದನ್ನು ಇಟ್ಟು ಮುಂಜಾನೆ ಎದ್ದೊಡನೆ ಮೊದಲು ನೋಡಲೆಂದು ಜೋಡಿಸಿಟ್ಟ ಕಣಿಯ ಸೌತೆಕಾಯಿ, ಮಾವಿನಕಾಯಿ, ತೆಂಗಿನಕಾಯಿ, ಕಕ್ಕೆ ಹೂಗಳನ್ನು ಹಾಗೆಯೇ ಉಳಿಸಿಕೊಂಡರೆ ಅದಕ್ಕಿಂತ ಮಿಗಿಲಾದ ಅಲಂಕಾರ ಬೇಕಾಗುವುದಿಲ್ಲ. ನೀರಿಗೆ ಹಳೆಯ ಗಿಂಡಿ ಹೊಸ ಜಗ್ಗಿಗಿಂತ ಒಳ್ಳೆಯದು, ಏಕೆಂದರೆ ಅದರ ಕೊಕ್ಕಿನಿಂದ ನೀರು ಲೋಟದ ಹೊರಗೆ ಚೆಲ್ಲುವುದಿಲ್ಲ.

ನಮ್ಮ ಜಿಲ್ಲೆಯ ಗುಜರಿಯಲ್ಲಿ ವಿಶೇಷವಾಗಿ ಹುಡುಕಬೇಕಾದದ್ದು ಗಲ್ಫಿನ ಗಾಜು. 1970–80ರ ದಶಕಗಳಲ್ಲಿ ಅಲ್ಲಿ ದುಡಿಯಲು ಹೋದವರು ಮರಳುವಾಗ ತರುತ್ತಿದ್ದ ಜೇನುಬಣ್ಣದ ತಟ್ಟೆ–ಬೋಗುಣಿಗಳು ಮನೆ ಕೆಡವಿ ಕಟ್ಟುವಾಗ ಈಗ ಹೊರಬರುತ್ತಿವೆ. ಕೆಲವುಗಳ ತಳದಲ್ಲಿ ಫ್ರಾನ್ಸಿನಲ್ಲಿ ಮಾಡಿದ್ದೆಂಬ ಉಬ್ಬು ಅಕ್ಷರಗಳಿರುತ್ತವೆ. ಗಾಜಿಗೇ ಬಣ್ಣವಿರುವುದರಿಂದ ಮೇಲೆ ಏಳುವ ಚಿತ್ತಾರವಿಲ್ಲ, ಹುಳಿಯ ಭಯವಿಲ್ಲ, ತಳವೂ ಆಳ. ಅಂಚಿನ ಸುತ್ತ ಉಗುರು ಎಳೆದು ಚಕ್ಕೆ ಎದ್ದಿಲ್ಲವೆಂದು ನೋಡಿಕೊಂಡರೆ ಸಾಕು. ಗೊಜ್ಜಿಗೂ ಮಜ್ಜಿಗೆಗೂ ನಾನು ಇವನ್ನೇ ಇಡುತ್ತೇನೆ. ಪುನರ್ಪುಳಿ ಶರಬತ್ತಿಗೆ ಮಾತ್ರ ಒಗ್ಗುವುದಿಲ್ಲ: ಅದರ ಕಡುಗೆಂಪು ಜೇನುಬಣ್ಣದ ಲೋಟದಲ್ಲಿ ಹಾಲಿಲ್ಲದ ಚಹಾದಂತೆ ಕಾಣುತ್ತದೆ, ಅದಕ್ಕೆ ಹೊಸ ಬಿಳಿಗಾಜಿನ ಲೋಟವೇ ಸರಿ. ಹಳೆಯ ಹೂಚಿತ್ತಾರದ ಪಿಂಗಾಣಿ ಎಷ್ಟೇ ಮನ ಸೆಳೆದರೂ ಮೆರುಗಿನ ಮೇಲೆ ಬರೆದ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದಾದ್ದರಿಂದ, ಸಿಪ್ಪೆ ಇರುವ ಬಾಳೆಹಣ್ಣಿಗಷ್ಟೇ ಅದನ್ನು ಬಳಸುತ್ತೇನೆ.

ಹಾಗಾಗಿ ನನ್ನ ಮೇಜಿನಲ್ಲಿ ಉಣ್ಣುವ ತಟ್ಟೆ ಹೊಸದು, ಬಿಳಿಯದು, ಆಳದ್ದು. ಪಾಯಸದ ಬಟ್ಟಲು, ಗಿಂಡಿ, ನಡುವಿನ ಹರಿವಾಣ ಹಳೆಯ ಕಂಚಿನವು. ಹುಳಿ ಪದಾರ್ಥ ಗಲ್ಫಿನ ಗಾಜಿನಲ್ಲಿ. ಬಿಳುಪು, ಕಂಚು, ಜೇನು, ಇವಿಷ್ಟೇ ಬಣ್ಣ. ನಾಲ್ಕನೆಯದು ಸೇರಿದರೆ ಸಂತೆಯಾಗುತ್ತದೆ. ಕೆಳಗೆ ಅಚ್ಚಿಲ್ಲದ ಕಣ್ಣೂರಿನ ಕೈಮಗ್ಗದ ಬಟ್ಟೆ. ಖರ್ಚಿನ ಲೆಕ್ಕದಲ್ಲಿಯೂ ಇದು ತೂಗುತ್ತದೆ: ಸೆಟ್ಟಿನಲ್ಲಿ ಒಂದು ಒಡೆದರೆ ಅದೇ ಮಾದರಿ ಮರುವರ್ಷ ಸಿಗದಿರಬಹುದು, ಬಿಡಿ ಬಿಳಿ ತಟ್ಟೆ ಯಾವಾಗಲೂ ಸಿಗುತ್ತದೆ, ಕಂಚನ್ನು ಬೇಡವಾದ ದಿನ ತೂಕಕ್ಕೆ ಮಾರಬಹುದು.

ತೊಳೆಯುವ ಕೆಲಸವನ್ನು ಮಾತ್ರ ಎರಡು ಪಾಲು ಮಾಡಬೇಕು. ಕಂಚಿಗೆ ಹಿತ್ತಲಿನ ಬಿಂಬುಳಿ ಎಂಬ ಹುಳಿಕಾಯಿಯನ್ನು ಜಜ್ಜಿ ಉಜ್ಜಿದರೆ ಪೇಟೆಯ ಪುಡಿ ಬೇಕಿಲ್ಲ, ಅದರ ಆಕ್ಸಾಲಿಕ್ ಆಮ್ಲವೇ ಕಲೆ ತೆಗೆಯುತ್ತದೆ. ಆದರೆ ಉಜ್ಜಿದ ಕೂಡಲೇ ತೊಳೆದು ಬಟ್ಟೆಯಿಂದ ಒರೆಸದಿದ್ದರೆ ಮತ್ತೆ ಕಪ್ಪಾಗುತ್ತದೆ. ಗಾಜನ್ನೂ ಕಂಚನ್ನೂ ಒಂದೇ ಬುಟ್ಟಿಗೆ ಹಾಕಬಾರದು, ಗಾಜನ್ನು ಮೊದಲು ತೊಳೆದು ಎತ್ತಿಟ್ಟ ಮೇಲೆಯೇ ಕಂಚನ್ನು ಬಾವಿಕಟ್ಟೆಗೆ ಒಯ್ಯಬೇಕು.